ದೇವನಹಳ್ಳಿಯ ತಣ್ಣನೆ ಕಲ್ಲು, ಕೊರಿಯಾದ ಬೆಚ್ಚನೆ ನೆಲ

ಧನುರ್ಮಾಸದ ಬೆಳಗಿನ ಜಾವ ನೀವು ದೇವನಹಳ್ಳಿ ಕೋಟೆಯೊಳಗಿನ ವೇಣುಗೋಪಾಲಸ್ವಾಮಿ ಗುಡಿಗೆ ಹೋಗಿದ್ದೀರಾ? ಹೋಗಿದ್ದರೆ ನನ್ನ ಮಾತು ನಿಮಗೆ ಥಟ್ಟನೆ ಅರ್ಥವಾಗುತ್ತೆ. ಕಲ್ಲುಹಾಸಿನ ಮೇಲೆ ಬರಿಗಾಲಿಟ್ಟರೆ ಸಾಕು, ಚಳಿ ಮಂಡಿಯವರೆಗೂ ಏರಿಬಿಡುತ್ತೆ!

ಕೊರಿಯಾದಲ್ಲಿರುವ ನನ್ನ ತಂಗಿಯನ್ನು ವಿಮಾನ ಹತ್ತಿಸಲೆಂದು ದೊಡ್ಡಬಳ್ಳಾಪುರದಿಂದ ಹೊರಟವರು ದಾರಿಯಲ್ಲಿ ಅಲ್ಲಿ ಇಳಿದೆವು. 1501ರಲ್ಲಿ ಮಲ್ಲಬೈರೇಗೌಡರು ಮಣ್ಣಿನಲ್ಲಿ ಕಟ್ಟಿಸಿದ ಕೋಟೆ ಇದು. ಹೈದರ್, ಟಿಪ್ಪು ಕಾಲದಲ್ಲಿ ಕಲ್ಲಿನದಾಯಿತು. ಪ್ರದಕ್ಷಿಣೆ ಅರ್ಧವಾಗುವಷ್ಟರಲ್ಲಿ ನಮ್ಮತ್ತೆ, "ಕಾಲು ಜೋಮು ಹಿಡೀತು ಕಣಮ್ಮ" ಅಂತ ಕೂತುಬಿಟ್ಟರು.

ತಂಗಿ ಅವರ ಪಾದ ಉಜ್ಜುತ್ತಾ ಹೇಳಿದಳು: "ನಮ್ಮಲ್ಲಿ ಹೊರಗೆ ನೀರು ಹೆಪ್ಪುಗಟ್ಟಿದ್ರೂ ಮನೆ ನೆಲ ಬೆಚ್ಚಗಿರುತ್ತೆ ಅಮ್ಮಾ."

ಅದಕ್ಕೆ ಅಲ್ಲಿ 'ಒಂಡೋಲ್' ಅಂತಾರಂತೆ. ಹಿಂದೆ ಅಡಿಗೆ ಒಲೆಯ ಬಿಸಿ ಹೊಗೆ ಪಕ್ಕದ ಕೋಣೆಯ ಚಪ್ಪಡಿಗಳ ಕೆಳಗೆ ಹರಿದು, ಆಚೆ ಕಡೆಯ ಹೊಗೆಗೂಡಿನಿಂದ ಹೊರಹೋಗುತ್ತಿತ್ತು. ಒಂದೇ ಬೆಂಕಿಯಲ್ಲಿ ಅನ್ನವೂ ಆಯಿತು, ಹಾಸಿಗೆಯೂ ಬೆಚ್ಚಗಾಯಿತು! ಆಮೇಲೆ ಕಲ್ಲಿದ್ದಲ ಬಿಲ್ಲೆ ಉರಿಸತೊಡಗಿದಾಗ, ನೆಲದ ಬಿರುಕಿನಿಂದ ವಿಷಾನಿಲ ಸೋರಿ ಮಲಗಿದಲ್ಲೇ ಎಷ್ಟೋ ಜನ ಸತ್ತರು. ಈಗ ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಸುತ್ತಾರೆ.

ಅತ್ತೆ ಸುಮ್ಮನೆ ಕೇಳುತ್ತಿದ್ದವರು, "ನಮ್ಮ ಬಚ್ಚಲ ಹಂಡೆ ಒಲೆ ಪಕ್ಕದ ಕಲ್ಲೂ ಹಂಗೇ ಇತ್ತಲ್ವಾ?" ಅಂದರು.

ನನಗೆ ಚುರುಕ್ ಅಂತು. ಮೂರು ವರ್ಷದ ಹಿಂದೆ ಟೈಲ್ಸ್ ಹಾಕಿಸಿ, ಗೀಸರ್ ತಂದು, ಆ ಒಲೆ ಒಡೆಸಿದವಳು ನಾನೇ. ದಿನಾ ಬೆಳಿಗ್ಗೆ ಅವರು ಕಾಫಿ ಲೋಟ ಹಿಡಿದು ಕೂರುತ್ತಿದ್ದ ಜಾಗ ಅದು. ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ನಮ್ಮ ಎರಡು ತಿಂಗಳ ಚಳಿಗೆ ನೆಲ ಅಗೆದು ಕೊಳವೆ ಹಾಕಿಸುವುದು ಯಾಕೆ? ಅತ್ತೆಯ ಮಂಚವನ್ನು ದಕ್ಷಿಣದ ಕಿಟಕಿ ಇರುವ ಕೋಣೆಗೆ ಹಾಕಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಿಸಿಲು ಒಳಗೆ ಬಂದು ನೆಲವನ್ನೇ ಕಾಯಿಸುತ್ತೆ. ಸಂಜೆಗೆ ಅಲ್ಲಿ ಜಮಖಾನ ಹಾಸುತ್ತೇನೆ. ಕಾಲಿಗೆ ತೊಡರದ ಹಾಗೆ ಅದರ ಅಂಚನ್ನು ಮಂಚದ ಕಾಲಿನಡಿ ಸಿಕ್ಕಿಸಿಬಿಡಿ. ಮನೆಯೊಳಗೆ ಹಾಕಿಕೊಳ್ಳಲು ಜಾರದ ಚಪ್ಪಲಿಯೂ ಇರಲಿ. ಕೆಂಡದ ಅಗ್ಗಿಷ್ಟಿಕೆಯನ್ನು ಮಾತ್ರ ಮುಚ್ಚಿದ ಕೋಣೆಯಲ್ಲಿ ಖಂಡಿತ ಇಡಬೇಡಿ. ಕೊರಿಯಾದವರನ್ನು ಕೊಂದ ವಿಷಾನಿಲವೇ ಅದರಿಂದಲೂ ಬರುತ್ತೆ.

ಈಗ ಅತ್ತೆಯ ಕಾಫಿ ಬಿಸಿಲು ಬಿದ್ದ ಆ ಕಿಟಕಿಯ ಕೆಳಗೇ. ನೀವೂ ಮನೆ ರಿಪೇರಿಗೆ ಕೈಹಾಕುವ ಮೊದಲು ಹಿರಿಯರನ್ನು ಒಂದು ಮಾತು ಕೇಳಿ: "ದಿನಾ ನಿಮಗೆ ಎಲ್ಲಿ ಕೂತರೆ ಹಿತ?"