ಬಿಲಾ ಸುಕಾರಿ

ಎದೆಯ ಧಮನಿಯೊಂದರಲ್ಲಿ ಲೋಹದ ಸ್ಟೆಂಟನ್ನು ಧರಿಸಿ ಆಸ್ಪತ್ರೆಯಿಂದ ಹಿಂದಿರುಗಿದ ಮಾರನೆಯ ಬೆಳಗ್ಗೆ, ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿರುವ ನಮ್ಮ ಮನೆಯ ಜಗಲಿಯಲ್ಲಿ ನಾನು ಕುಳಿತಿರಲಾಗಿ, ಬಹುಕಾಲದಿಂದ ನಮ್ಮ ಅಡುಗೆಮನೆಯನ್ನು ಆಳುತ್ತಿರುವ ಕಿಕುಯು ಹೆಂಗಸು ಹಬೆಯಾಡುವ ಲೋಟವನ್ನು ಮುಂದಿರಿಸಿ, “ಚಾಯ್ ಬಿಲಾ ಸುಕಾರಿ, ಮ್ಜೇ” ಎಂದಳು. ಬಿಲಾ ಎಂದರೆ ಇಲ್ಲದ. ಸುಕಾರಿ ಎಂದರೆ ಸಕ್ಕರೆ. ಮ್ಜೇ ಎಂಬುದು ಹಿರಿಯರಿಗೆ ಸಲ್ಲುವ ಗೌರವ. ಗೌರವವನ್ನು ಕೊಟ್ಟು ಸಕ್ಕರೆಯನ್ನು ಕಿತ್ತುಕೊಂಡಳೆಂದು ನಾನು ಮನಸ್ಸಿನಲ್ಲಿಯೇ ಗೊಣಗಿದೆ.

ನಮ್ಮ ಸಂಸ್ಕೃತದ ಶರ್ಕರೆಯು ಪಾರಸೀಕರ ನಾಲಗೆಯಲ್ಲಿ ಶಕರ್ ಆಗಿ, ಅರಬ್ಬರ ಬಾಯಲ್ಲಿ ಸುಕ್ಕರ್ ಆಗಿ, ಹಾಯಿಹಡಗನ್ನೇರಿ ಪೂರ್ವ ಆಫ್ರಿಕದ ಈ ದಡದಲ್ಲಿಳಿದು ಸುಕಾರಿಯಾಯಿತು. 1896ರಲ್ಲಿ ಮೊಂಬಾಸದಿಂದ ಹೊರಟ ರೈಲುಹಾದಿಯ ಕೆಲಸಕ್ಕೆಂದು ಭಾರತದ ಕೂಲಿಗಳು ಇಲ್ಲಿಗೆ ಬಂದದ್ದೂ, ಆ ಹಾದಿಯು 1899ರಲ್ಲಿ ತಲುಪಿದ ಜೌಗುನೆಲದಲ್ಲಿ ಈ ನಗರವು ಹುಟ್ಟಿದ್ದೂ ಆಮೇಲಿನ ಮಾತು. ನಾವು ‘ಸಕ್ಕರೆ ಕಾಯಿಲೆ’ ಎನ್ನುವ ಮಧುಮೇಹಕ್ಕೆ ಸ್ವಾಹಿಲಿಯವರು ‘ಕಿಸುಕಾರಿ’ ಎನ್ನುತ್ತಾರೆ. ಮಾತು ಬಂದ ದಾರಿಯಲ್ಲಿಯೇ ಬೇನೆಯ ಹೆಸರೂ ಬಂದಿತು.

“ಮೋರಿ ಕಟ್ಟಿಕೊಂಡಿತ್ತು, ಬಿಡಿಸಿದರು, ಇನ್ನೇನು ಚಿಂತೆ?” ಎಂದು ನನ್ನ ಧಮನಿಯನ್ನು ಕುರಿತು ನನ್ನಾಕೆ ಸಮಾಧಾನ ಹೇಳಿದ್ದಳು. ನನ್ನ ನಂಬಿಕೆಯೂ ಅದೇ ಆಗಿತ್ತು. ತರುಣ ವೈದ್ಯರೊಬ್ಬರು ಅದನ್ನು ತಿದ್ದಿದರು: ಧಮನಿಯು ಮೋರಿಯಲ್ಲ, ಜೀವವುಳ್ಳ ಅಂಗ. ಧಮನಿಯೊಳಗೆ ತೂರಿಸಿದ ಬಲೂನು ಉಬ್ಬಿ, ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಗೋಡೆಗೆ ಒತ್ತಿದಾಗ ಒಂದೇ ಪದರದ ನವಿರಾದ ಒಳಪೊರೆ ಕಿತ್ತುಹೋಗುತ್ತದೆ. ನೂಲೆಳೆಯಂಥ ತಂತಿಗಳ ಮೇಲೆ ಆ ಪೊರೆಯು ಮೆಲ್ಲಮೆಲ್ಲನೆ ಮರಳಿ ಹಬ್ಬಿದರೆ ಮಾತ್ರ ಗಾಯ ಮಾಯುತ್ತದೆ. ಸಕ್ಕರೆ ಏರಿದ ನೆತ್ತರಿನಲ್ಲಿ ಆ ಪೊರೆಯ ಕಣಗಳು ಮಂದವಾಗುವುವು; ಗೋಡೆಯ ಸ್ನಾಯುಕಣಗಳು ಮಾತ್ರ ಬೇಕಾದುದಕ್ಕಿಂತ ಹೆಚ್ಚು ಬೆಳೆದು ದಾರಿಯನ್ನು ಮತ್ತೆ ಇಕ್ಕಟ್ಟುಗೊಳಿಸುವುವು; ಪ್ಲೇಟ್‌ಲೆಟ್‌ಗಳು ಬೆತ್ತಲೆ ತಂತಿಯನ್ನು ಕಂಡಲ್ಲಿ ಹೆಪ್ಪುಗಟ್ಟಲು ಹವಣಿಸುವುವು. ಕೊಲೆಸ್ಟರಾಲ್ ಹೆಚ್ಚಿದ್ದರಂತೂ, ಹೊಸದಾಗಿ ಹಬ್ಬಿದ ಪದರದೊಳಕ್ಕೇ ಜಿಡ್ಡು ಜಿನುಗಿ, ಹಳೆಯ ರೋಗವು ಹೊಸ ಮನೆಯಲ್ಲಿ ಬಿಡಾರ ಹೂಡುವುದು.

ಈ ಜಾಲರಿಯ ಕಥೆಯೂ ಸಾಮಾನ್ಯದ್ದಲ್ಲ. ಹೆಸರು ಬಂದುದು ಚಾರ್ಲ್ಸ್ ಸ್ಟೆಂಟ್ ಎಂಬ ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ದಂತವೈದ್ಯನಿಂದ. ಹಲ್ಲಿನ ಅಚ್ಚು ತೆಗೆಯುವ ಮೇಣದಂಥ ವಸ್ತುವೊಂದನ್ನು ಸುಧಾರಿಸಿದವನು ಆತ. 1977ರಲ್ಲಿ ಜ್ಯೂರಿಕ್ಕಿನಲ್ಲಿ ಹೃದಯದ ಧಮನಿಯನ್ನು ಮೊತ್ತಮೊದಲು ಬಲೂನಿನಿಂದ ತೆರೆದ ಆಂಡ್ರಿಯಾಸ್ ಗ್ರುಂಟ್ಸಿಗ್, ಆರಂಭದ ಬಲೂನುಗಳನ್ನು ಮಾಡಿದುದು ತನ್ನ ಅಡುಗೆಮನೆಯ ಮೇಜಿನ ಮೇಲೆ. 1986ರಲ್ಲಿ ಫ್ರಾನ್ಸಿನ ಟುಲೂಸಿನಲ್ಲಿ ಜಾಕ್ ಪ್ಯುಯೆಲ್ ಮನುಷ್ಯನ ಹೃದಯದ ಧಮನಿಯಲ್ಲಿ ಸ್ಟೆಂಟನ್ನು ಇರಿಸಿದನು. ಸ್ನಾಯುಕಣಗಳ ಅತಿಯಾದ ಬೆಳವಣಿಗೆಯನ್ನು ತಡೆಯಲು ಮುಂದೆ ಸ್ಟೆಂಟಿಗೆ ಲೇಪಿಸಿದ ಸಿರೋಲಿಮಸ್ ಎಂಬ ಔಷಧಿಯಾದರೋ ಶಾಂತಸಾಗರದ ಈಸ್ಟರ್ ದ್ವೀಪದ ಹಿಡಿಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತದ್ದು. ಆದರೆ ಬೆಳವಣಿಗೆಯನ್ನು ತಡೆಯುವ ಆ ಲೇಪವೇ ಪೊರೆ ಹಬ್ಬುವುದನ್ನೂ ನಿಧಾನಗೊಳಿಸುವುದಾದ್ದರಿಂದ, ಹೆಪ್ಪು ತಡೆಯುವ ಎರಡು ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಬೇಕು.

ಅಡುಗೆಮನೆಯ ಮೇಜಿನಲ್ಲಿ ಹುಟ್ಟಿದ ಚಿಕಿತ್ಸೆಯನ್ನು ಅಡುಗೆಮನೆಯಲ್ಲಿಯೇ ಕೆಡಿಸಬಹುದೆಂಬುದು ನನಗೆ ಆ ಜಗಲಿಯಲ್ಲಿ ಹೊಳೆಯಿತು. ಯುಗಾದಿಯ ಕೂಟಗಳಲ್ಲಿ ಹೋಳಿಗೆಯ ಮೇಲೆ ತುಪ್ಪವನ್ನು ಹರಿಸಿ, ಸಂಜೆಯ ಚಹಾಕ್ಕೆ ಎಣ್ಣೆಯಲ್ಲಿ ಕರಿದ ಮಂದಾಜಿಯನ್ನು ಅದ್ದಿ ತಿಂದ ನಾಲಗೆಯದು ಈ ಮಾತು.

ವಾಚಕರಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿದ್ದರೆ ಇಷ್ಟೇ ವಿನಂತಿ: ಎದೆಯ ನೋವು ಅಡಗಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿರಿ, ಸಕ್ಕರೆಯನ್ನೂ ಜಿಡ್ಡನ್ನೂ ವೈದ್ಯರು ಹೇಳಿದ ಕಾಲಕ್ಕೆ ಅಳೆಯಿಸಿಕೊಳ್ಳಿರಿ. ದಾರಿ ತೆರೆಯಲು ವೈದ್ಯನಿಗೆ ಒಂದು ಗಂಟೆ ಸಾಕು. ಗಾಯ ಮಾಯಿಸುವ ಕೆಲಸ ನಮ್ಮ ನೆತ್ತರಿನದು.