ನಾವು ಓದದ ಪತ್ರಗಳು

ನಮ್ಮೂರಿನಲ್ಲಿ ‘ಶಿಫಾರಸು’ ಎಂದರೆ ಶಾಸಕರ ಮನೆ ಜಗಲಿಯಲ್ಲಿ ಕಾದು ಕುಳಿತು ತರುವ ಚೀಟಿ. ಹಾಗಾಗಿ, ಅಮೆರಿಕದಲ್ಲಿ ಫೆಲೋಶಿಪ್‌ಗೆ ಅರ್ಜಿ ಹಾಕಲು ಶಿಫಾರಸು ಪತ್ರಗಳು ಬೇಕು ಎಂದಾಗ ಅಪ್ಪ ಫೋನಿನಲ್ಲಿ ಕೇಳಿದ್ದು ಇಷ್ಟೇ: “ಅಲ್ಲೂ ಯಾರನ್ನಾದರೂ ಹಿಡಿಯಬೇಕಾ ಮಗಾ?”

ಗಂಡ ಹೆಂಡತಿ ನಾವಿಬ್ಬರೂ ಆಗ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಯಲ್ಲಿದ್ದೆವು. ಒಬ್ಬರಿಗೆ ಮೂತ್ರಪಿಂಡದ ವಿಭಾಗ, ಇನ್ನೊಬ್ಬರಿಗೆ ಹಾರ್ಮೋನು ರೋಗಗಳ ವಿಭಾಗ ಬೇಕಿತ್ತು. ರೆಸಿಡೆನ್ಸಿ ಮೂರು ವರ್ಷದ್ದಾದರೂ ಎರಡನೇ ವರ್ಷ ಮುಗಿಯುತ್ತಲೇ, ಜುಲೈಯಲ್ಲಿ, ಅರ್ಜಿ ಹೋಗಬೇಕು. ಒಂದು ಕಡೆಗೆ ಹೆಚ್ಚೆಂದರೆ 4 ಪತ್ರ. ಬರೆದವರೇ ಅದನ್ನು ನೇರವಾಗಿ ‘ಇರಾಸ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಸೇರಿಸುತ್ತಾರೆ. ಪತ್ರ ನೋಡುವ ಹಕ್ಕನ್ನು ಮೊದಲೇ ಬಿಟ್ಟುಕೊಡುವುದು ರೂಢಿ. ಅಭ್ಯರ್ಥಿ ನೋಡಿದ ಪತ್ರಕ್ಕೆ ಬೆಲೆ ಕಡಿಮೆಯಂತೆ.

ನಾವು ಓದಿದ ಕಾಲೇಜಿನಲ್ಲಿ ಇದಕ್ಕೆ ಪೂರ್ತಿ ತದ್ವಿರುದ್ಧ. “ನೀವೇ ಬರೆದು ತನ್ನಿ, ಸಹಿ ಹಾಕ್ತೇನೆ” ಎನ್ನುತ್ತಿದ್ದರು. ನಮ್ಮನ್ನು ನಾವೇ ಪರಿಶ್ರಮಿಗಳು, ಸೌಜನ್ಯಶೀಲರು ಎಂದು ಬರೆದುಕೊಂಡ ನಾಚಿಕೆ ಇನ್ನೂ ಹೋಗಿಲ್ಲ.

ಕೇಳುವ ರೀತಿಯನ್ನು ಸೀನಿಯರ್ ಒಬ್ಬರು ಹೇಳಿಕೊಟ್ಟರು. ಬರೀ ಪತ್ರ ಕೇಳಬೇಡಿ, ‘ಬಲವಾದ ಪತ್ರ ಬರೆಯುವಷ್ಟು ನಮ್ಮ ಕೆಲಸ ನೋಡಿದ್ದೀರಾ’ ಎಂದು ಕೇಳಿ. ಇಲ್ಲ ಎನ್ನುವವರಿಗೆ ದಾರಿ ಬಿಟ್ಟಂತಾಗುತ್ತದೆ. ಅಡುಗೆಮನೆಯಲ್ಲಿ ನಿಂತು ಒಬ್ಬರಿಗೊಬ್ಬರು ಈ ಮಾತನ್ನು ಒಪ್ಪಿಸಿಕೊಂಡೆವು. ಮೊದಲು ಕೇಳಿದವರೇ ಇಲ್ಲ ಎಂದರು. “ನನ್ನ ಜೊತೆ ಇದ್ದದ್ದು ಎರಡೇ ವಾರ. ನಾನು ಬರೆದರೆ ನಾಲ್ಕು ಸಾಲಾಗುತ್ತದೆ, ಅದರಿಂದ ನಿಮಗೇ ನಷ್ಟ.” ಆ ರಾತ್ರಿ ಊಟ ಸೇರಲಿಲ್ಲ. ಆದರೆ ಆ ‘ಇಲ್ಲ’ದ ಬೆಲೆ ತಿಳಿದದ್ದು ಇನ್ನೊಬ್ಬರು ನಗುತ್ತಾ ‘ಖಂಡಿತ’ ಎಂದ ಮೇಲೆ. ಮೂರು ಸಲ ನೆನಪಿಸಿದೆವು. ಜುಲೈ ಬಂತು, ಪತ್ರ ಬರಲಿಲ್ಲ.

ಕೊನೆಗೆ ಹೋದದ್ದು ವಾರ್ಡಿನ ಒಬ್ಬ ಸಾಧಾರಣ ವೈದ್ಯರ ಬಳಿ. ದೊಡ್ಡ ಹೆಸರಲ್ಲ ಎಂದು ಅವರನ್ನು ಬಿಟ್ಟಿದ್ದೆವು, ಒಪ್ಪಿಕೊಳ್ಳಬೇಕು. ಅವರು ನಮ್ಮ ಬಯೋಡೇಟಾ ಕೇಳಲಿಲ್ಲ. “ನಾವು ಜೊತೆಯಾಗಿ ನೋಡಿದ ಒಬ್ಬ ರೋಗಿಯ ಬಗ್ಗೆ ಹೇಳಿ” ಎಂದರು. ಡಯಾಲಿಸಿಸ್ ಸಾಕು ಎಂದಿದ್ದ ಮುದುಕರೊಬ್ಬರನ್ನು ನೆನೆದೆವು. ಪೊಟ್ಯಾಷಿಯಂ ಎಷ್ಟಿತ್ತು, ಏನು ಕೊಟ್ಟೆವು ಎಂದೆಲ್ಲ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಳಿ ಮುಗಿದ ಮೇಲೂ ಅವರ ಹೆಂಡತಿಯ ಪಕ್ಕ ಕೂತಿದ್ದಿರಿ, ಅಲ್ಲವೇ?” ಎಂದರು. ಅದು ನಮಗೆ ಮರೆತೇ ಹೋಗಿತ್ತು.

ಮೂರನೇ ದಿನ ಪರದೆಯ ಮೇಲೆ ‘ಪತ್ರ ಬಂದಿದೆ’ ಎಂದು ಕಂಡಿತು.

ಡಿಸೆಂಬರಿನಲ್ಲಿ ಫಲಿತಾಂಶ. ಇಬ್ಬರಿಗೂ ಸೀಟು ಸಿಕ್ಕಿತು, ಒಂದೇ ಊರಲ್ಲಲ್ಲ. ನಡುವೆ ಕಾರಿನಲ್ಲಿ ಎರಡು ಗಂಟೆ ದಾರಿ. ಅಪ್ಪನಿಗೆ ಫೋನು ಮಾಡಿದೆವು.

“ಅಂತೂ ಚೀಟಿ ಕೆಲಸ ಮಾಡಿತು. ಏನು ಬರೆದಿದ್ದರಂತೆ?”

“ನಮಗೂ ಗೊತ್ತಿಲ್ಲಪ್ಪ.”