ಗಾಡಿ ಮನೆಗೆ ಗ್ಯಾಸ್: ಟ್ಯಾಂಕಾ, ಸಿಲಿಂಡರಾ?

ಮೋಟಾರ್‌ಹೋಮ್ ಕೊಂಡಿದ್ದೀವಿ ಅಂದರೆ ಎಲ್ಲರೂ ಮೊದಲು ಕೇಳೋದು ಎರಡೇ ಪ್ರಶ್ನೆ. ಮಲಗೋದು ಎಲ್ಲಿ? ಟಾಯ್ಲೆಟ್ ಹೇಗೆ? ಗ್ಯಾಸ್ ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳೋದಿಲ್ಲ. ಆದರೆ ಗಾಡಿಯೊಳಗಿನ ಸಂಸಾರ ನಡೆಯೋದೇ ಅದರ ಮೇಲೆ. ಒಲೆ ಒಂದೇ ಅಲ್ಲ, ಕರೆಂಟ್ ಸಿಗದ ಜಾಗದಲ್ಲಿ ನಿಂತರೆ ಫ್ರಿಜ್ ತಣ್ಣಗಿರೋದು, ಸ್ನಾನಕ್ಕೆ ನೀರು ಕಾಯೋದು, ರಾತ್ರಿ ಹೀಟರ್ ನಡೆಯೋದು ಎಲ್ಲವೂ ಗ್ಯಾಸ್‌ನಿಂದಲೇ.

ನಾವಿರೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ನಾನು, ನನ್ನ ಗಂಡ, ಏಳು ವರ್ಷದ ಮಗಳು. ಅರಸೀಕೆರೆಯಿಂದ ಅತ್ತೆ ಬಂದಾಗ ಹೋಟೆಲ್ ಊಟದ ಚಿಂತೆ ಇಲ್ಲದೆ ನಾಲ್ಕು ಊರು ತೋರಿಸಬೇಕು ಅನ್ನೋ ಆಸೆಗೆ ಒಂದು ಹಳೇ ಮೋಟಾರ್‌ಹೋಮ್ ಕೊಂಡೆವು. ಅದರ ಜೊತೆಗೆ ಬಂದಿದ್ದು ಇಲ್ಲಿನ ಸಾಮಾನ್ಯ ಸಿಲಿಂಡರ್. ಖಾಲಿ ಕೊಟ್ಟು ತುಂಬಿದ್ದು ತರೋದು, ನಮ್ಮೂರಿನ ಹಾಗೆಯೇ. ವ್ಯತ್ಯಾಸ ಏನಂದ್ರೆ ಪ್ರವಾಸದಲ್ಲಿದ್ದಾಗ ಅಂಗಡಿ ಹುಡುಕಿಕೊಂಡು ನಾವೇ ಹೋಗಬೇಕು. ಒಂದು ಕಂಪನಿಯ ಖಾಲಿ ಸಿಲಿಂಡರನ್ನು ಇನ್ನೊಂದು ಕಂಪನಿಯವರು ತಗೊಳ್ಳಲ್ಲ. ಫ್ರಾನ್ಸಿಗೆ ಹೋದರೆ ಇಲ್ಲಿನ ಸಿಲಿಂಡರ್ ಬದಲಾಯಿಸಿಕೊಡೋರೇ ಇಲ್ಲ.

ಬೇಸಿಗೆಯಲ್ಲಿ ಇದೆಲ್ಲ ತೊಂದರೆ ಅನ್ನಿಸಲಿಲ್ಲ. ಚಳಿಗಾಲ ಬಂತು ನೋಡಿ, ಲೆಕ್ಕವೇ ಬದಲಾಯಿತು. ಹೀಟರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು 300 ಗ್ರಾಂ ಗ್ಯಾಸ್ ಬೇಕು. ಫೆಬ್ರವರಿಯಲ್ಲಿ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗಿದ್ದಾಗ ಬೆಳಗಿನ ಜಾವ ಮೂರು ಗಂಟೆಗೆ ಸಿಲಿಂಡರ್ ಖಾಲಿ. ಇವರು ಮಳೆಯಲ್ಲಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಇನ್ನೊಂದು ಸಿಲಿಂಡರ್ ಜೋಡಿಸಿ ಬಂದರು. ಒಳಗೆ ಬಂದವರೇ, “ಇನ್ನು ಈ ಅದಲುಬದಲು ಸಾಕು. ನಾವೇ ಬಂಕ್‌ನಲ್ಲಿ ತುಂಬಿಸಿಕೊಳ್ಳೋ ವ್ಯವಸ್ಥೆ ಮಾಡಿಸೋಣ” ಅಂದರು.

ಇಲ್ಲಿ ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಕಾರುಗಳಿಗೆ ಎಲ್‌ಪಿಜಿ ಮಾರುತ್ತಾರೆ. ಅದೇ ಪಂಪಿನಿಂದ ಮೋಟಾರ್‌ಹೋಮ್‌ನ ಅಡುಗೆ ಗ್ಯಾಸನ್ನೂ ತುಂಬಿಸಿಕೊಳ್ಳಬಹುದು. ಕೆಜಿ ಲೆಕ್ಕದಲ್ಲಿ ನೋಡಿದರೆ ಸಿಲಿಂಡರ್ ಬದಲಾಯಿಸೋದಕ್ಕಿಂತ ತುಂಬಾ ಅಗ್ಗ. ಅರ್ಧ ಖಾಲಿಯಾಗಿದ್ದರೂ ತುಂಬಿಸಬಹುದು, ಪೂರ್ತಿ ಮುಗಿಯಲಿ ಅಂತ ಕಾಯಬೇಕಿಲ್ಲ. ಇದಕ್ಕೆ ದಾರಿ ಎರಡು. ಒಂದು, ಗಾಡಿಯ ಹೊಟ್ಟೆಯ ಕೆಳಗೆ ಶಾಶ್ವತವಾಗಿ ಕೂರಿಸೋ ಟ್ಯಾಂಕ್. ಇನ್ನೊಂದು, ಈಗಿರೋ ಗ್ಯಾಸ್ ಪೆಟ್ಟಿಗೆಯಲ್ಲೇ ನಿಲ್ಲಿಸೋ, ಮತ್ತೆ ಮತ್ತೆ ತುಂಬಿಸಬಹುದಾದ ಸಿಲಿಂಡರ್. ಎರಡಕ್ಕೂ ತುಂಬಿಸೋ ಬಾಯಿ ಗಾಡಿಯ ಹೊರಮೈಯಲ್ಲಿರುತ್ತೆ, ಡೀಸೆಲ್ ಹಾಕಿಸೋ ಹಾಗೆ.

ಇವರ ಮನಸ್ಸು ಟ್ಯಾಂಕ್ ಕಡೆಗಿತ್ತು. ಕಾರಣಗಳೂ ಸರಿಯಾಗಿಯೇ ಇದ್ದವು. ಟ್ಯಾಂಕ್ ದೊಡ್ಡದು, ಹೆಚ್ಚು ದಿನ ಬರುತ್ತೆ. ಭಾರ ಗಾಡಿಯ ಕೆಳಗೇ ಇರೋದರಿಂದ ತಿರುವಿನಲ್ಲಿ ವಾಲಾಟ ಕಡಿಮೆ. ಗ್ಯಾಸ್ ಪೆಟ್ಟಿಗೆ ಖಾಲಿಯಾಗಿ ಮಗಳ ಬೂಟು, ಮಡಚೋ ಕುರ್ಚಿ ಇಡೋಕೆ ಜಾಗ ಆಗುತ್ತೆ. ಎಷ್ಟು ಉಳಿದಿದೆ ಅಂತ ಒಳಗೆ ಕೂತೇ ಮೀಟರ್‌ನಲ್ಲಿ ನೋಡಬಹುದು. ಬಂಕ್‌ನವರ ತಕರಾರೂ ಇಲ್ಲ. ಸಿಲಿಂಡರ್ ಕಂಡರೆ ಕೆಲವು ಬಂಕ್‌ಗಳಲ್ಲಿ ತುಂಬಿಸೋಕೆ ಬಿಡಲ್ಲ, ಟ್ಯಾಂಕ್ ಅಂದರೆ ಸುಮ್ಮನಿರುತ್ತಾರೆ.

ನನ್ನ ಪಟ್ಟಿ ಬೇರೆ ಇತ್ತು. ಟ್ಯಾಂಕ್ ಕೂರಿಸೋಕೆ ಖರ್ಚು ಹೆಚ್ಚು, ಗ್ಯಾಸ್ ಕೆಲಸ ಬಲ್ಲವರೇ ಮಾಡಬೇಕು. ಗಾಡಿ ಕೆಳಗಿನ ಜಾಗ ಅಂದರೆ ಕಲ್ಲು, ಕೆಸರು, ಅದರ ಮೇಲೆ ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಎರಚೋ ಉಪ್ಪು. ತುಕ್ಕು ಹಿಡಿದಿದೆಯಾ ಅಂತ ಬಗ್ಗಿ ನೋಡ್ತಾನೇ ಇರಬೇಕು. ತೂಕದ ಲೆಕ್ಕವೂ ಇದೆ. 1997ರ ನಂತರ ಇಲ್ಲಿ ಕಾರಿನ ಲೈಸೆನ್ಸ್ ಪಡೆದ ನಮ್ಮಂಥವರು ಓಡಿಸಬಹುದಾದದ್ದು 3,500 ಕೆಜಿವರೆಗಿನ ಗಾಡಿ ಮಾತ್ರ. ನೀರು, ಬಟ್ಟೆ, ಕುಕ್ಕರ್, ಅಕ್ಕಿ ಚೀಲ, ನಾಲ್ಕು ಜನ ಎಲ್ಲ ಸೇರಿ ಅಷ್ಟರೊಳಗೇ ಇರಬೇಕು.

ಎಲ್ಲಕ್ಕಿಂತ ದೊಡ್ಡ ಚಿಂತೆ ಬಂಕ್‌ಗಳದ್ದೇ. ಬ್ರಿಟನ್‌ನಲ್ಲಿ ಎಲ್‌ಪಿಜಿ ಮಾರೋ ಬಂಕ್‌ಗಳು ಕಡಿಮೆಯಾಗುತ್ತಾ ಬಂದಿವೆ. ಸ್ಕಾಟ್‌ಲೆಂಡ್‌ನ ಹೈಲ್ಯಾಂಡ್ಸ್ ಕಡೆ ಹೋದರೆ ಒಂದರಿಂದ ಇನ್ನೊಂದಕ್ಕೆ ಬಹಳ ದೂರ. ಬರೀ ಟ್ಯಾಂಕ್ ನಂಬಿಕೊಂಡು, ಬಂಕ್ ಸಿಗದಿದ್ದರೆ? ಪೆಟ್ಟಿಗೆಯಲ್ಲಿ ಸಿಲಿಂಡರ್ ಇಡೋ ಜಾಗ ಉಳಿಸಿಕೊಂಡಿದ್ದರೆ ಯಾವುದಾದರೂ ಅಂಗಡಿಯಿಂದ ಮಾಮೂಲಿ ಸಿಲಿಂಡರ್ ತಂದಾದರೂ ಅನ್ನ ಮಾಡಬಹುದಲ್ವಾ?

ಅತ್ತೆ ಬಂದಿದ್ದು ಈ ಚರ್ಚೆ ನಡೀತಿರುವಾಗಲೇ. ಗಾಡಿಯ ಸುತ್ತ ಒಂದು ಸುತ್ತು ಹಾಕಿ ಅವರು ಕೇಳಿದ ಮೊದಲ ಮಾತು, “ಏನೋ, ಮಗು ಮಲಗೋ ಹಾಸಿಗೆ ಕೆಳಗೆ ಗ್ಯಾಸ್ ಇಡ್ತೀರಾ?”

ನಗೋ ಮಾತಲ್ಲ ಅದು. ರಾತ್ರಿ ಮಲಗೋ ಮುಂಚೆ ರೆಗ್ಯುಲೇಟರ್ ಆಫ್ ಮಾಡಿ, ಒಮ್ಮೆ ಮುಟ್ಟಿ ನೋಡಿ ಮಲಗೋ ಮನೆಯವರು ನಾವು. ಸಿಲಿಂಡರ್ ಬಂದ ದಿನ ಅದರ ಕೊರಳಲ್ಲಿ ಎ, ಬಿ, ಸಿ, ಡಿ ಅಂತ ಬರೆದಿರೋ ಪರೀಕ್ಷೆಯ ಅವಧಿ ಓದಿ ಒಳಗೆ ಇಡಿಸಿಕೊಳ್ಳೋರು ಅತ್ತೆ. ಎಷ್ಟು ಗ್ಯಾಸ್ ಉಳಿದಿದೆ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿ, ತೇವ ಎಲ್ಲಿವರೆಗೆ ಆರದೆ ನಿಂತಿದೆ ಅಂತ ನೋಡಿ ಹೇಳಬಲ್ಲರು. ಅಂಥವರಿಗೆ ಕಣ್ಣಿಗೆ ಕಾಣದ ಟ್ಯಾಂಕ್ ಮೇಲೆ ನಂಬಿಕೆ ಬರೋದು ಕಷ್ಟ.

ಇವರು ತಾಳ್ಮೆಯಿಂದ ವಿವರಿಸಿದರು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತೆ. ಅದಕ್ಕೇ ಗ್ಯಾಸ್ ಪೆಟ್ಟಿಗೆಗೂ ಮಲಗೋ ಜಾಗಕ್ಕೂ ಮಧ್ಯೆ ಸಂದಿಲ್ಲದ ಗೋಡೆ ಇರುತ್ತೆ, ಪೆಟ್ಟಿಗೆಯ ತಳದಲ್ಲಿ ಹೊರಗೆ ಹೋಗೋಕೆ ತೂತು ಇರುತ್ತೆ. ಆ ತೂತು ಮುಚ್ಚುವಂತೆ ಏನನ್ನೂ ಇಡಬಾರದು. ಟ್ಯಾಂಕ್ ಆಗಲಿ, ತುಂಬಿಸೋ ಸಿಲಿಂಡರ್ ಆಗಲಿ, ಶೇ. 80 ತುಂಬಿದ ಕೂಡಲೇ ಒಳಗಿನ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತೆ. ಬಿಸಿಲಿಗೆ ದ್ರವ ಹಿಗ್ಗುತ್ತೆ, ಅದಕ್ಕೆ ಉಳಿದ ಜಾಗ ಬೇಕು. ಮಾಮೂಲಿ ಅದಲುಬದಲು ಸಿಲಿಂಡರ್‌ಗೆ ಈ ವಾಲ್ವ್ ಇರಲ್ಲ. ಹಾಗಾಗಿ ಅದನ್ನು ಯಾವತ್ತೂ ಪಂಪಿನಲ್ಲಿ ತುಂಬಿಸಬಾರದು.

ಅತ್ತೆ ಎಲ್ಲ ಕೇಳಿಸಿಕೊಂಡರು. “ಅದೆಲ್ಲ ಸರಿ. ನಾನು ರಾತ್ರಿ ಆಫ್ ಮಾಡ್ಬೇಕು ಅಂದ್ರೆ ಕೈ ಎಲ್ಲಿ ಹಾಕ್ಲಿ?” ಅಂದರು. ಟ್ಯಾಂಕಿಗೂ ಒಳಗಿಂದಲೇ ಮುಚ್ಚೋ ಸ್ವಿಚ್ ಹಾಕಿಸಬಹುದು ಅಂತ ಇವರು ಹೇಳಿದರೂ ಅವರ ಮುಖ ಅರಳಲಿಲ್ಲ.

ಅದಾದ ವಾರ ಗ್ಯಾಸ್ ಕೆಲಸ ಮಾಡೋರ ಹತ್ತಿರ ಗಾಡಿ ತಗೊಂಡು ಹೋದೆವು. ಆತ ಕೆಳಗೆ ಮಲಗಿ ಅಳತೆ ತೆಗೆದ. ಎರಡೂ ಆಗುತ್ತೆ ಅಂದ. ಆಮೇಲೆ ಕೈ ಒರೆಸಿಕೊಳ್ಳುತ್ತಾ ಒಂದೇ ಪ್ರಶ್ನೆ ಕೇಳಿದ. “ಈ ಗಾಡಿನ ಎಷ್ಟು ವರ್ಷ ಇಟ್ಕೊಳ್ಳೋ ಯೋಚನೆ?”

ಟ್ಯಾಂಕ್ ಹಾಕಿಸಿದರೆ ಅದು ಗಾಡಿಯ ಪಾಲು. ಗಾಡಿ ಮಾರಿದ ದಿನ ಅದರ ಜೊತೆಗೇ ಹೋಗುತ್ತೆ, ಹಾಕಿದ ದುಡ್ಡು ಪೂರ್ತಿ ವಾಪಸ್ ಬರಲ್ಲ. ಸಿಲಿಂಡರ್ ಹಾಗಲ್ಲ, ಬಿಚ್ಚಿ ಇನ್ನೊಂದು ಗಾಡಿಗೆ ಹಾಕಬಹುದು, ಬೇರೆಯಾಗಿ ಮಾರಬಹುದು. ಅದಕ್ಕೇ ಆತ ಕೇಳಿದ್ದು.

ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಯಾರೂ ಉತ್ತರ ಕೊಡಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು.

ಮಾವ ತೀರಿಕೊಂಡು ಎರಡು ವರ್ಷ ಆಯಿತು. ಅರಸೀಕೆರೆಯ ಮನೆಯಲ್ಲಿ ಅತ್ತೆ ಒಬ್ಬರೇ. ಹದಿಮೂರನೇ ದಿನ ಇವರು ಅಮ್ಮನಿಗೆ, “ಮಗು ಹೈಸ್ಕೂಲಿಗೆ ಬರೋ ಮುಂಚೆ ನಾವು ಬಂದುಬಿಡ್ತೀವಮ್ಮ” ಅಂದಿದ್ದರು. ಇಲ್ಲಿ ಮಕ್ಕಳು ಹನ್ನೊಂದನೇ ವಯಸ್ಸಿಗೆ ಹೈಸ್ಕೂಲು ಸೇರುತ್ತಾರೆ. ಅಂದರೆ ಇನ್ನು ನಾಲ್ಕು ವರ್ಷ. ಆ ಮಾತನ್ನು ಆಮೇಲೆ ನಾವಿಬ್ಬರೂ ಎತ್ತಿರಲಿಲ್ಲ. ಇವರಿಗೆ ಕೆಲಸದಲ್ಲಿ ಬಡ್ತಿ ಬಂತು, ನನಗೂ ಒಳ್ಳೇ ಕೆಲಸ ಸಿಕ್ಕಿತು, ಮಗಳಿಗೆ ಗೆಳತಿಯರಾದರು. ದಿನಗಳು ಹೋಗುತ್ತಾ ಇದ್ದವು.

ಆ ರಾತ್ರಿ ಅತ್ತೆ, ಮಗಳು ಮಲಗಿದ ಮೇಲೆ ನಾನೇ ಕೇಳಿದೆ. “ರೀ, ನಿಮಗೆ ಟ್ಯಾಂಕ್ ಬೇಕು ಅನ್ನಿಸೋದು ಗ್ಯಾಸಿಗೋಸ್ಕರಾನಾ, ಇಲ್ಲೇ ಇರೋಣ ಅಂತಾನಾ?”

ತುಂಬಾ ಹೊತ್ತು ಸುಮ್ಮನಿದ್ದು, “ಗೊತ್ತಿಲ್ಲ ಕಣೇ. ಇರೋಣ ಅಂತಲೂ ಅನ್ಸುತ್ತೆ. ಅಮ್ಮನ್ನ ನೋಡಿದ್ರೆ ಹೋಗೋಣ ಅಂತಲೂ ಅನ್ಸುತ್ತೆ” ಅಂದರು.

ಅಂದು ಒಂದು ಗಂಟೆವರೆಗೆ ಮಾತಾಡಿದೆವು. ಅತ್ತೆಗೆ ಇಲ್ಲಿ ಸಿಗೋದು ಆರು ತಿಂಗಳ ವಿಸಿಟರ್ ವೀಸಾ. ಇಲ್ಲೇ ಇಟ್ಟುಕೊಳ್ಳೋದು ಸುಲಭ ಅಲ್ಲ, ಅವರಿಗೂ ಈ ಚಳಿ, ಈ ಮೌನ ಒಗ್ಗಲ್ಲ. ಮಗಳ ಓದಿನ ಮಾತು ಬಂತು, ಸಾಲದ ಮಾತು ಬಂತು, ಬೆಂಗಳೂರಿನ ಕೆಲಸದ ಮಾತು ಬಂತು. ತೀರ್ಮಾನ ಆಗಲಿಲ್ಲ. ಆದರೆ ಮಗಳಿಗೆ ಹತ್ತು ತುಂಬೋದರೊಳಗೆ ತೀರ್ಮಾನ ಮಾಡಲೇಬೇಕು, ಅಲ್ಲಿವರೆಗೆ ನಮ್ಮನ್ನು ಕಟ್ಟಿಹಾಕೋ ಖರ್ಚು ಮಾಡೋದು ಬೇಡ ಅಂತ ಒಪ್ಪಿಕೊಂಡೆವು. ಬೆಳಿಗ್ಗೆ ಅದನ್ನೇ ಅತ್ತೆಗೂ ಹೇಳಿದೆವು. ಅವರು, “ನೀವು ಮಾತಾಡಿಕೊಂಡ್ರಲ್ಲ, ಅಷ್ಟು ಸಾಕು” ಅಂತ ಕಾಫಿ ಬೆರೆಸೋಕೆ ಎದ್ದರು.

ಕೊನೆಗೆ ಹಾಕಿಸಿದ್ದು ತುಂಬಿಸಬಹುದಾದ 11 ಕೆಜಿಯ ಒಂದು ಸಿಲಿಂಡರ್. ಅದಕ್ಕೆ ಸುಮಾರು 21 ಲೀಟರ್ ಎಲ್‌ಪಿಜಿ ಹಿಡಿಯುತ್ತೆ. ಪಕ್ಕದಲ್ಲಿ ಆಪತ್ತಿಗೆ ಇರಲಿ ಅಂತ 6 ಕೆಜಿಯ ಮಾಮೂಲಿ ಪ್ರೊಪೇನ್ ಸಿಲಿಂಡರ್. ಒಂದು ಮುಗಿದರೆ ತಾನೇ ಇನ್ನೊಂದಕ್ಕೆ ಹೊರಳೋ ರೆಗ್ಯುಲೇಟರ್ ಇದೆ, ಮಧ್ಯರಾತ್ರಿ ಮಳೆಯಲ್ಲಿ ಇಳಿಯೋ ಕೆಲಸ ತಪ್ಪಿತು. ಕರೆಂಟ್ ಇರೋ ಕ್ಯಾಂಪ್‌ಸೈಟ್‌ನಲ್ಲಿ ಫ್ರಿಜ್, ಹೀಟರ್ ಎರಡನ್ನೂ ಕರೆಂಟಿಗೆ ಹಾಕಿ, ರಾತ್ರಿ ಅತ್ತೆ ತಾವೇ ಹೋಗಿ ವಾಲ್ವ್ ತಿರುಗಿಸಿ ಬರುತ್ತಿದ್ದರು.

ಇಂಥ ಯೋಚನೆಯಲ್ಲಿರೋರಿಗೆ ನಾವು ಕಲಿತದ್ದು ಒಂದಿಷ್ಟು ಹೇಳಿಬಿಡ್ತೀನಿ. ಚಳಿ ದೇಶದಲ್ಲಿ ಪ್ರೊಪೇನ್ ಬೇಕೇ ಬೇಕು. ನಮ್ಮೂರಿನ ಸಿಲಿಂಡರ್‌ನಲ್ಲಿ ಪ್ರೊಪೇನ್, ಬ್ಯೂಟೇನ್ ಎರಡೂ ಬೆರೆತಿರುತ್ತವೆ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಅನಿಲವಾಗೋದನ್ನೇ ನಿಲ್ಲಿಸುತ್ತೆ, ಪ್ರೊಪೇನ್ ಮೈನಸ್ 42 ಡಿಗ್ರಿವರೆಗೆ ಕೈಕೊಡಲ್ಲ. ಯುರೋಪ್ ಸುತ್ತೋದಾದರೆ ಪಂಪಿನ ಬಾಯಿ ದೇಶದಿಂದ ದೇಶಕ್ಕೆ ಬೇರೆ, ಅಡಾಪ್ಟರ್‌ಗಳ ಚೀಲ ಜೊತೆಗಿರಲಿ. ಗ್ಯಾಸ್ ಸೋರಿಕೆಯ ಅಲಾರಂ ನೆಲದ ಹತ್ತಿರ ಇರಬೇಕು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆಯೇ ಬೇಕು. ಏನೇ ಬದಲಾಯಿಸಿದರೂ ವಿಮೆಯವರಿಗೆ ತಿಳಿಸಿ.

ಊರಿನಲ್ಲಿ ವ್ಯಾನನ್ನು ಮನೆ ಮಾಡಿಕೊಂಡು ಸುತ್ತೋ ಹುಡುಗರೂ ಈಗ ಕಾಣಿಸುತ್ತಾರೆ. ಅವರಿಗೆ ಒಂದು ಮಾತು. ಮನೆಯ 14.2 ಕೆಜಿ ಸಿಲಿಂಡರ್ ಮನೆಗಷ್ಟೇ ಇರಲಿ. ವಿಳಾಸದ ದಾಖಲೆ ಕೇಳದೆ ಕೊಡೋ 5 ಕೆಜಿಯ ಸಿಲಿಂಡರ್ ಸಿಗುತ್ತೆ, ಖಾಲಿಯಾದರೆ ಅಧಿಕೃತ ಮಾರಾಟಗಾರರ ಹತ್ತಿರವೇ ಬದಲಾಯಿಸಿಕೊಳ್ಳಿ. ದೊಡ್ಡ ಸಿಲಿಂಡರ್‌ನಿಂದ ಚಿಕ್ಕದಕ್ಕೆ ತುಂಬಿಸಿಕೊಡೋ ಅಂಗಡಿಗಳ ಕಡೆ ತಲೆ ಹಾಕಬೇಡಿ. ಅಲ್ಲಿ ಶೇ. 80ಕ್ಕೆ ನಿಲ್ಲಿಸೋ ವಾಲ್ವೂ ಇರಲ್ಲ, ಹೊಣೆ ಹೊರೋರೂ ಇರಲ್ಲ.

ಟ್ಯಾಂಕ್ ಕೆಟ್ಟದ್ದು ಅಂತ ಖಂಡಿತ ಹೇಳಲ್ಲ. ಹತ್ತು ವರ್ಷ ಇದೇ ಗಾಡಿ, ಚಳಿಗಾಲದಲ್ಲೂ ಸುತ್ತಾಟ ಅನ್ನೋರಿಗೆ ಅದೇ ಸರಿ. ಎರಡು ಮೂರು ವರ್ಷದಲ್ಲಿ ಗಾಡಿ ಬದಲಾಗಬಹುದು, ಊರೇ ಬದಲಾಗಬಹುದು ಅನ್ನೋರಿಗೆ ಸಿಲಿಂಡರ್ ಸಾಕು. ಬೆಲೆ, ಲೀಟರ್, ತೂಕದ ಲೆಕ್ಕವನ್ನು ಆಮೇಲೆ ಮಾಡಿದರೂ ಆಗುತ್ತೆ. ಎಷ್ಟು ವರ್ಷ ಅನ್ನೋದನ್ನು ಮನೆಯವರೆಲ್ಲ ಕೂತು ಮೊದಲು ಮಾತಾಡಿಕೊಳ್ಳಿ.